ಮೂರು ಪಿನ್, ನಾಲ್ಕು ಪಿನ್ ಮತ್ತು ಕಂಪ್ಯೂಟರ್ ಫ್ಯಾನಿನ ಸುಳ್ಳುಗಳು

ತಪ್ಪು ಕಲ್ಪನೆ: ಮೂರು ಪಿನ್ನಿನ ಫ್ಯಾನನ್ನು ಮದರ್‌ಬೋರ್ಡಿನ ನಾಲ್ಕು ಪಿನ್ನಿನ ಜಾಗಕ್ಕೆ, ಅಂದರೆ ಹೆಡರಿಗೆ, ಹಾಕಿದರೆ ಸುಟ್ಟುಹೋಗುತ್ತದೆ.

ಸತ್ಯ: ಏನೂ ಆಗುವುದಿಲ್ಲ. ಎರಡರಲ್ಲೂ ಮೊದಲ ಮೂರು ಪಿನ್ ಒಂದೇ: ಗ್ರೌಂಡ್, 12 ವೋಲ್ಟ್, ಮತ್ತು ಸುತ್ತಿಗೆ ಎರಡು ಮಿಡಿತದಂತೆ ವೇಗದ ಲೆಕ್ಕ ಒಪ್ಪಿಸುವ ತಂತಿ. ಪ್ಲಗ್ಗಿನ ಅಂಚೇ ಅದನ್ನು ತಪ್ಪಾಗಿ ಕೂರಲು ಬಿಡುವುದಿಲ್ಲ. ನಾಲ್ಕನೆಯದು ಪಿಡಬ್ಲ್ಯುಎಂ, ಅಂದರೆ ವೇಗದ ಅಪ್ಪಣೆ ಹೊತ್ತು ತರುವ ತಂತಿ.

ನಿಜವಾದ ತಕರಾರು ಬೇರೆ. ಬೋರ್ಡು ಪಿಡಬ್ಲ್ಯುಎಂ ಮೋಡ್‌ನಲ್ಲಿದ್ದರೆ 12 ವೋಲ್ಟನ್ನು ಹಾಗೇ ಬಿಟ್ಟು, ಸೆಕೆಂಡಿಗೆ ಸುಮಾರು 25,000 ಸಲ ಮಿಡಿಯುವ ಸಂಕೇತದಿಂದ ವೇಗ ಹೇಳುತ್ತದೆ. ನಾಲ್ಕನೇ ತಂತಿಯೇ ಇಲ್ಲದ ಫ್ಯಾನಿಗೆ ಅದು ಕೋಣನ ಮುಂದಿನ ಕಿನ್ನರಿ. ಪೂರ್ತಿ ವೇಗದಲ್ಲಿ ಭರ್ರೆಂದು ತಿರುಗುತ್ತಲೇ ಇರುತ್ತದೆ. ಬೋರ್ಡಿನ ಸೆಟ್ಟಿಂಗ್ ಪುಟವಾದ ಬಯೋಸ್‌ಗೆ ಹೋಗಿ ಆ ಹೆಡರನ್ನು ಡಿಸಿ ಮೋಡ್‌ಗೆ ಬದಲಿಸಿದರೆ ಬೋರ್ಡು ವೋಲ್ಟೇಜ್ ಇಳಿಸಿ ಅದನ್ನು ನಿಧಾನ ಮಾಡುತ್ತದೆ. ಇತ್ತೀಚಿನ ಬಹುತೇಕ ಬೋರ್ಡುಗಳಲ್ಲಿ ಈ ಆಯ್ಕೆ ಇದೆ.

ಸುಡುವ ಭಯವಿದ್ದರೆ ಅದನ್ನು ಫ್ಯಾನಿನಲ್ಲಿರುವ ಬಣ್ಣದ ದೀಪಗಳ ಕಡೆ ತಿರುಗಿಸಿ. ಅವುಗಳ ಪ್ಲಗ್ ಫ್ಯಾನಿನದಲ್ಲ, ಬೇರೆಯದೇ. ಮೂರು ಪಿನ್ನಿನವು 5 ವೋಲ್ಟಿನವು, ನಾಲ್ಕು ಪಿನ್ನಿನವು 12 ವೋಲ್ಟಿನವು. 5 ವೋಲ್ಟಿನ ದೀಪಕ್ಕೆ 12 ವೋಲ್ಟ್ ಕೊಟ್ಟರೆ ಅಲ್ಲಿಗೆ ಅದರ ಕಥೆ ಮುಗಿಯಿತು.

ತಪ್ಪು ಕಲ್ಪನೆ: ಫ್ಯಾನಿಗೆ ಬೋರ್ಡಿನ ಬದಲು ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ಕರೆಂಟ್ ಪೂರೈಸುವ ಪೆಟ್ಟಿಗೆಯಿಂದ) ನೇರವಾಗಿ ಕರೆಂಟ್ ಕೊಟ್ಟರೂ ವ್ಯತ್ಯಾಸವಿಲ್ಲ.

ಸತ್ಯ: ತಿರುಗುವುದೇನೋ ತಿರುಗುತ್ತದೆ, ಆದರೆ ಸದಾ ಪೂರ್ತಿ ವೇಗದಲ್ಲಿ. ಪ್ರೊಸೆಸರಿನ ಫ್ಯಾನನ್ನು ಹೀಗೆ ಕೂರಿಸಿದರೆ ಅದರ ವೇಗದ ಲೆಕ್ಕ ಸಿಗದೆ ಅನೇಕ ಬೋರ್ಡುಗಳು ಶುರುವಿನಲ್ಲೇ ಫ್ಯಾನ್ ಎರರ್ ತೋರಿಸಿ ನಿಲ್ಲುತ್ತವೆ. ಪಾಪ, ಒಳ್ಳೆಯ ಫ್ಯಾನಿನ ಮೇಲೆ ಅಪವಾದ ಬರುತ್ತದೆ. ಹೆಡರ್ ಸಾಲದಿದ್ದರೆ ಒಂದನ್ನು ಹಲವಾಗಿಸುವ ಸ್ಪ್ಲಿಟರ್ ಹಾಕಿ. ಒಂದು ಹೆಡರ್ ಸಾಮಾನ್ಯವಾಗಿ 1 ಆಂಪಿಯರ್ ತಡೆದುಕೊಳ್ಳುತ್ತದೆ. ಫ್ಯಾನಿನ ಬೆನ್ನ ಮೇಲಿನ ಚೀಟಿಯಲ್ಲಿ 0.2 ಆಂಪಿಯರ್ ಎಂದಿದ್ದರೆ ಮೂರು ಹಾಕಲು ಅಡ್ಡಿಯಿಲ್ಲ.

ತಪ್ಪು ಕಲ್ಪನೆ: ಫ್ಯಾನ್ ಹೆಚ್ಚಿದಷ್ಟೂ ತಂಪು.

ಸತ್ಯ: ಫ್ಯಾನ್ ಏಸಿಯಲ್ಲ. ಏಪ್ರಿಲ್‌ನ ರಾಯಚೂರಿನಲ್ಲಿ ಕೋಣೆಯ ಗಾಳಿಯೇ 40 ಡಿಗ್ರಿ ಇದ್ದರೆ ಪ್ರೊಸೆಸರ್ ಅದಕ್ಕಿಂತ ಕೆಳಗಿಳಿಯದು. ದಿಕ್ಕು ತಪ್ಪಿದ ಆರು ಫ್ಯಾನಿಗಿಂತ, ಮುಂದಿನಿಂದ ಗಾಳಿ ಎಳೆದು ಹಿಂದಿನಿಂದ ಹೊರಹಾಕುವ ಮೂರೇ ಮೇಲು. ಸಾಮಾನ್ಯ ಫ್ಯಾನಿನಲ್ಲಿ ಮೋಟಾರನ್ನು ಹಿಡಿದಿರುವ ಕಡ್ಡಿಗಳು ಯಾವ ಕಡೆಗಿವೆಯೋ ಆ ಕಡೆಗೆ ಗಾಳಿ ಹೊರಬೀಳುತ್ತದೆ.

ತಪ್ಪು ಕಲ್ಪನೆ: ಫ್ಯಾನ್ ಆಗಾಗ ಹುಯ್ಯೆಂದು ಏರಿ ಇಳಿದರೆ ಅದು ಕೆಟ್ಟಿದೆ.

ಸತ್ಯ: ಬ್ರೌಸರ್ ತೆರೆದರೂ ಸಾಕು, ಪ್ರೊಸೆಸರಿನ ಬಿಸಿ ಕ್ಷಣದಲ್ಲಿ ಹತ್ತಾರು ಡಿಗ್ರಿ ಜಿಗಿದು ಮತ್ತೆ ಇಳಿಯುತ್ತದೆ. ಫ್ಯಾನ್ ಅದರ ಬೆನ್ನಟ್ಟುತ್ತದೆ, ಅಷ್ಟೆ. ಬಯೋಸ್‌ನ ಫ್ಯಾನ್ ಕರ್ವ್‌ನಲ್ಲಿ 60 ಡಿಗ್ರಿಯವರೆಗೆ ಗೆರೆಯನ್ನು ಸಮತಟ್ಟಾಗಿಡಿ, ವೇಗ ಏರುವ ಮುನ್ನ ಕೆಲವು ಸೆಕೆಂಡು ಕಾಯುವಂತೆ ಹೇಳಿ. ಇದಕ್ಕೆ ಕಾಸು ಖರ್ಚಿಲ್ಲ. ಹೊಸ ಫ್ಯಾನಿಗಾಗಿ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೊರಡುವ ಮುಂಚೆ ಇಷ್ಟು ಮಾಡಿ ನೋಡಿ.