ತುಂಗಭದ್ರೆಯ ನೀರುನಾಯಿ ಮತ್ತು ಸಿಡಿಮದ್ದಿನ ಸದ್ದು

ನೀರಿನೊಳಗೆ ಮನುಷ್ಯನು ಉಂಟುಮಾಡುವ ಸದ್ದು ಸಸ್ತನಿಗಳಿಗೆ ಮಾರಕವಾಗಬಲ್ಲದು ಎಂಬುದು 2000ರ ಮಾರ್ಚ್ ತಿಂಗಳಲ್ಲಿ ಜಗತ್ತಿನ ಗಮನಕ್ಕೆ ಬಂದಿತು. ಬಹಾಮಾಸ್ ದ್ವೀಪಗಳ ದಡಕ್ಕೆ ಆಗ 17 ತಿಮಿಂಗಿಲ ಹಾಗೂ ಡಾಲ್ಫಿನ್‌ಗಳು ಬಂದು ಬಿದ್ದವು. ನೌಕಾಪಡೆಯ ಸೋನಾರ್ ಅದಕ್ಕೆ ಕಾರಣವೆಂದು ತನಿಖೆ ಗುರುತಿಸಿತು. ಗಂಗಾನದಿಯ ಡಾಲ್ಫಿನ್‌ಗಳನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನವು, ನೀರು ಇಳಿದ ಕಾಲದಲ್ಲಿ ಯಂತ್ರದೋಣಿಗಳ ಸದ್ದು ಅವುಗಳ ದೇಹಶ್ರಮವನ್ನು ಹೆಚ್ಚಿಸುವುದನ್ನು ತೋರಿಸಿತು.

ಗಣಿ ಮತ್ತು ಉಕ್ಕಿನ ಉದ್ಯಮದ ನೆರೆಯಲ್ಲಿರುವ ಸಂಡೂರು ತಾಲೂಕಿನ ಕುರೆಕುಪ್ಪದಂತಹ ಊರುಗಳಿಗೆ ಕಡಲು ಬಹುದೂರ. ಆದರೂ ಈ ಸೀಮೆಗೆ ನೀರನ್ನು ನಂಬಿದ ತನ್ನದೇ ಆದ ಸಸ್ತನಿಯೊಂದಿದೆ. ಅದು ಹೊಸಪೇಟೆ, ಹಂಪಿ, ಕಂಪ್ಲಿಗಳ ಬಳಿ ತುಂಗಭದ್ರೆಯಲ್ಲಿ ವಾಸಿಸುವ ನೀರುನಾಯಿ.

ನೀರುನಾಯಿ ಗುಂಪುಗೂಡಿ ಮೀನು ಬೇಟೆಯಾಡುತ್ತದೆ. ಸಿಳ್ಳಿನಂತಹ ಕರೆಗಳಿಂದ ಗುಂಪಿನ ಸಂಪರ್ಕವನ್ನು ಉಳಿಸಿಕೊಳ್ಳುತ್ತದೆ. ಮುಳುಗುವಾಗ ಅದರ ಕಿವಿ ಮತ್ತು ಮೂಗಿನ ಹೊಳ್ಳೆಗಳು ಮುಚ್ಚಿಕೊಳ್ಳುತ್ತವೆ. ಕದಡಿದ ನೀರಿನಲ್ಲಿ ಮೀನಿನ ಚಲನೆಯನ್ನು ಮೀಸೆಯ ಕೂದಲುಗಳು ಗ್ರಹಿಸುತ್ತವೆ. ದಡದ ಬಂಡೆಗಳ ಸಂದುಗಳೇ ಅದರ ನೆಲೆ.

ಈ ನದಿಯಲ್ಲಿ ಮನುಷ್ಯನ ಸಂಚಾರ ಬಹುಕಾಲ ಸದ್ದಿಲ್ಲದ್ದಾಗಿತ್ತು. ಹದಿನಾರನೆಯ ಶತಮಾನದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಜನರು ನದಿ ದಾಟುತ್ತಿದ್ದ, ಬೆತ್ತದಿಂದ ಹೆಣೆದು ಚರ್ಮ ಹೊದಿಸಿದ ದುಂಡನೆಯ ಹರಿಗೋಲುಗಳನ್ನು ವರ್ಣಿಸಿದ್ದಾನೆ. ಒಂದು ಹುಟ್ಟಿನ ಬಲದಿಂದ ಸಾಗುವ ಈ ಹರಿಗೋಲು ಮತ್ತು ಬಲೆಗಳೇ ಬೆಸ್ತರ ಸಾಧನಗಳು. ಬಂಡೆ ಒಡೆಯುವ ಸಿಡಿಮದ್ದನ್ನು ನೀರಿಗೆಸೆದು ಮೀನು ಹಿಡಿಯುವ ಕ್ರಮ ಈ ಪರಂಪರೆಗೆ ಹೊರತಾದುದು.

ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸಿದರೆ ನೀರಿನಲ್ಲಿ ಸುಮಾರು 1,500 ಮೀಟರ್ ಚಲಿಸುತ್ತದೆ. ಸ್ಫೋಟದ ಒತ್ತಡದ ಅಲೆ ಮೀನಿನ ಗಾಳಿಚೀಲವನ್ನು ಒಡೆಯುತ್ತದೆ. ಸಸ್ತನಿಗಳಲ್ಲಿ ಗಾಳಿ ತುಂಬಿದ ಶ್ವಾಸಕೋಶ ಮತ್ತು ಕಿವಿಯ ಒಳಭಾಗಗಳು ಅದಕ್ಕೆ ಮೊದಲು ಈಡಾಗುತ್ತವೆ. ಮುಚ್ಚಿದ ಕಿವಿ ಇದನ್ನು ತಡೆಯಲಾರದು. ಮರಿಮೀನುಗಳೂ ಸಾಯುವುದರಿಂದ ನೀರುನಾಯಿಯ ಆಹಾರವೂ ಬೆಸ್ತರ ಮುಂದಿನ ದಿನಗಳ ದುಡಿಮೆಯೂ ಒಟ್ಟಿಗೇ ನಾಶವಾಗುತ್ತವೆ.

ಸಿಡಿಮದ್ದಿನಿಂದ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯೇ ಅಪರಾಧವೆಂದು ಸಾರಿದೆ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹರಿವು ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಆದರೆ ಸ್ಫೋಟದ ಹಾನಿಯನ್ನು ತೇಲಿಬಂದ ಮೀನುಗಳ ಲೆಕ್ಕದಿಂದಷ್ಟೇ ಅಳೆಯುವುದು ಅಪೂರ್ಣ. ನದಿಯ ಸದ್ದಿನಲ್ಲಾಗುವ ಬದಲಾವಣೆಯನ್ನು ಮೊದಲು ಅರಿಯಬಲ್ಲವರು ಹರಿಗೋಲಿನಲ್ಲಿ ದಿನನಿತ್ಯ ಸಂಚರಿಸುವವರು. ಅವರ ತಿಳಿವಳಿಕೆಯನ್ನು ದಾಖಲಿಸಿ ಸಂರಕ್ಷಣೆಯ ಕಾರ್ಯಕ್ಕೆ ಬಳಸಿಕೊಳ್ಳಬೇಕಾದ ಅಗತ್ಯವಿದೆ.