ಸಾಲು ಮೊಟಕಾದರೆ ಮಾತು ಸರಾಗ

ತಾವರಗೇರಾದ ಮನೆಯೊಂದರಲ್ಲಿ ಅಣ್ಣ ಮದುವೆಯ ವಿಡಿಯೊ ಅಪ್‌ಲೋಡ್‌ಗೆ ಹಾಕಿದರೆ, ಅದೇ ವೈಫೈನಲ್ಲಿರುವ ತಂಗಿಯ ಆನ್‌ಲೈನ್ ಕ್ಲಾಸಿನ ದನಿ ತುಂಡಾಗತೊಡಗುತ್ತದೆ. ನೆಟ್ ಸ್ಲೋ ಎಂದು ನಾವು ದುಬಾರಿ ಪ್ಲಾನ್ ಹಾಕಿಸುತ್ತೇವೆ. ಆದರೆ ಎಷ್ಟೋ ಸಲ ತೊಡಕು ಇರುವುದು ರೌಟರಿನ ಬಫರಿನಲ್ಲಿ, ಅಂದರೆ ಡೇಟಾ ಪ್ಯಾಕೆಟ್‌ಗಳು ಸರದಿ ಕಾಯುವ ಜಾಗದಲ್ಲಿ.

ದಟ್ಟಣೆಯ ಪೆಟ್ಟು ಮೊದಲು ಬಿದ್ದದ್ದು 1986ರಲ್ಲಿ. ಅಮೆರಿಕದ ಬರ್ಕ್ಲಿಯಲ್ಲಿ ಕೂಗಳತೆಯ ಎರಡು ಸಂಸ್ಥೆಗಳ ನಡುವಿನ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ಗಳಿಂದ ಬರೀ 40ಕ್ಕೆ ಕುಸಿಯಿತು. ಪ್ಯಾಕೆಟ್ ಕಳೆದುಹೋದರೆ ಕಳಿಸುವವನೇ ವೇಗ ತಗ್ಗಿಸಬೇಕು ಎಂಬ ಪರಿಹಾರವನ್ನು ಕಂಪ್ಯೂಟರ್ ವಿಜ್ಞಾನಿ ವ್ಯಾನ್ ಜೇಕಬ್‌ಸನ್ 1988ರಲ್ಲಿ ಮಂಡಿಸಿದರು.

ಕಳೆದುಹೋಗುವ ತನಕ ಕಾಯುವುದೇಕೆ? ಅದೇ ವರ್ಷ ಈ ಪ್ರಶ್ನೆ ಎತ್ತಿದವರು ಕೆ. ಕೆ. ರಾಮಕೃಷ್ಣನ್ ಮತ್ತು ರಾಜ್ ಜೈನ್. ಇಬ್ಬರೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಓದಿದವರು. ಸಾಲು ಬೆಳೆಯತೊಡಗಿದೊಡನೆ ರೌಟರು ಪ್ಯಾಕೆಟ್ಟಿನ ಒಂದು ಬಿಟ್ ಗುರುತು ಮಾಡಿ ಎಚ್ಚರಿಸಲಿ ಎಂದರು. ಆ ವಿಚಾರವೇ ಬೆಳೆದು 2001ರಲ್ಲಿ ಇಸಿಎನ್ ಎಂಬ ಇಂಟರ್ನೆಟ್ ನಿಯಮವಾಯಿತು. ಅದನ್ನು ಬರೆದ ಮೂವರಲ್ಲಿ ರಾಮಕೃಷ್ಣನ್ ಒಬ್ಬರು.

ಈ ನಡುವೆ ಮೆಮೊರಿ ಅಗ್ಗವಾಯಿತು. ಒಂದು ಪ್ಯಾಕೆಟ್ಟೂ ಕಳೆಯಬಾರದೆಂದು ತಯಾರಕರು ಭಾರಿ ಬಫರ್ ಇಟ್ಟರು. ಬಫರ್ ತುಂಬಿ ತುಳುಕುವವರೆಗೆ ಕಳಿಸುವವನಿಗೆ ಸುಳಿವೇ ಸಿಗದಂತಾಯಿತು. ವಿಡಿಯೊದ ಉದ್ದ ಸಾಲಿನ ಹಿಂದೆ ತಂಗಿಯ ಮಾತಿನ ಪುಟ್ಟ ಪ್ಯಾಕೆಟ್ ನಿಲ್ಲುವುದು ಹೀಗೆ. ಪ್ರೋಗ್ರಾಮರ್ ಜಿಮ್ ಗೆಟ್ಟಿಸ್ 2010ರ ಸುಮಾರಿಗೆ ಇದನ್ನು ಬಯಲಿಗೆಳೆದು ‘ಬಫರ್‌ಬ್ಲೋಟ್’ ಎಂದು ಕರೆದರು.

2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಜೇಕಬ್‌ಸನ್ ರೂಪಿಸಿದ ‘ಕೋಡೆಲ್’ ವಿಧಾನ ಸಾಲಿನ ಉದ್ದ ಬಿಟ್ಟು ಕಾಯುವ ಹೊತ್ತನ್ನೇ ಅಳೆಯಿತು: ಕಾಯುವಿಕೆ 5 ಮಿಲಿಸೆಕೆಂಡ್ ಮೀರಿಯೇ ಉಳಿದರೆ ಪ್ಯಾಕೆಟ್ ಕೈಬಿಡು. ಸಿಸ್ಕೊ ಕಂಪನಿಯ ತಂಡ ಇದೇ ಉದ್ದೇಶದ ‘ಪೈ’ ವಿಧಾನ ರೂಪಿಸಿತು. ಪ್ರತಿ ಸಂಪರ್ಕವನ್ನು ಬೇರೆ ಬೇರೆ ಸಾಲಿಗೆ ಹಂಚಿ, ಪ್ರತಿ ಸಾಲಿಗೂ ಪೈ ಅನ್ವಯಿಸುವ ‘ಎಫ್‌ಕ್ಯೂ-ಪೈ’ಯನ್ನು ಲಿನಕ್ಸ್‌ಗೆ ತಂದವರು ನಮ್ಮ ಸುರತ್ಕಲ್ ಎನ್‌ಐಟಿಕೆಯ ಮೋಹಿತ್ ತಹಿಲಿಯಾನಿ ಮತ್ತು ಅವರ ವಿದ್ಯಾರ್ಥಿಗಳು. ಅದನ್ನೊಳಗೊಂಡ ಲಿನಕ್ಸ್ 5.6 ಹೊರಬಿದ್ದದ್ದು 2020ರ ಮಾರ್ಚ್ ಕೊನೆಯಲ್ಲಿ, ದೇಶ ಲಾಕ್‌ಡೌನ್‌ನಲ್ಲಿದ್ದಾಗ.

ಮದ್ದು ಸಿದ್ಧವಿದ್ದರೂ ಎಲ್ಲ ಮನೆಯ ರೌಟರಿಗೂ ಅದು ತಲುಪಿಲ್ಲ. ಮುಂದಿನ ಸಲ ರೌಟರ್ ಕೊಳ್ಳುವಾಗ ಎಷ್ಟು ಎಂಬಿಪಿಎಸ್ ಎಂದಷ್ಟೇ ಕೇಳಬೇಡಿ. ಎಲ್ಲರೂ ಒಟ್ಟಿಗೆ ಬಳಸಿದಾಗ ಎಷ್ಟು ತಡವಾಗುತ್ತದೆ, ಸಾಲು ನಿಭಾಯಿಸುವ ಸೌಲಭ್ಯವಿದೆಯೇ ಎಂದೂ ಕೇಳಿ.