ರಾತ್ರಿಯೂಟಕ್ಕೆ ಇಟಲಿಯ ಮಡಿಚಿದ ರೊಟ್ಟಿ

ಹಗಲೆಲ್ಲ ಪರರ ತಟ್ಟೆಗೆ ಬಿಸಿಬಿಸಿಯಾಗಿ ಬಡಿಸಿದ ಕೈ, ರಾತ್ರಿ ಕೋಣೆಗೆ ಮರಳಿದ ಮೇಲೆ ಎರಡು ಪಾವನ್ನು ಚಹಾದಲ್ಲಿ ಅದ್ದಿ ಹಸಿವನ್ನು ತಣಿಸಿಕೊಳ್ಳುವುದು ನಮ್ಮ ಹೋಟೆಲು ಬಂಧುಗಳಲ್ಲಿ ಅಪರೂಪದ ದೃಶ್ಯವಲ್ಲ. ಕಚೇರಿಯಿಂದ ಬಳಲಿ ಬರುವ ಗುಮಾಸ್ತರ ಪಾಡೂ ಇದಕ್ಕಿಂತ ಬಹಳ ಭಿನ್ನವಲ್ಲ. ಇಂತಹವರ ಸಲುವಾಗಿ ಕಾಲ್ಜೋನೆ ಎಂಬ ಇಟಲಿಯ ತಿನಿಸೊಂದನ್ನು ಇಂದು ಪರಿಚಯಿಸಬಯಸುತ್ತೇವೆ.

ಹೆಸರು ಕೇಳಿ ಅಂಜಬೇಕಾಗಿಲ್ಲ. ಪಿಜ್ಜಾದ ತವರೆನಿಸಿದ ನೇಪಲ್ಸ್ ನಗರವೇ ಇದಕ್ಕೂ ತವರು. ಲಟ್ಟಿಸಿದ ಹಿಟ್ಟಿನ ಒಂದರ್ಧಕ್ಕೆ ಹೂರಣವಿಟ್ಟು, ಉಳಿದರ್ಧವನ್ನು ಮೇಲೆ ಮಡಿಚಿ ಅಂಚನ್ನೊತ್ತಿದರೆ ನಮ್ಮ ಕರ್ಜಿಕಾಯಿಯ ಹಿರಿಯಣ್ಣನಂತೆ ತೋರುತ್ತದೆ. ಎರಡನೆಯ ಮಹಾಯುದ್ಧದ ತರುವಾಯದ ಬಡತನದಲ್ಲಿ ನೇಪಲ್ಸಿನ ಹೆಂಗಸರು ಇದರ ಸೋದರಿಯಾದ ಕರಿದ ಪಿಜ್ಜಾವನ್ನು ಮನೆಬಾಗಿಲಲ್ಲೇ ಮಾರುತ್ತಿದ್ದರು. ಇಂದು ತಿಂದವನು ಎಂಟು ದಿನಗಳ ಮೇಲೆ ಹಣ ಕೊಟ್ಟರೆ ಸಾಕಿತ್ತು. 1954ರ 'ಲೋರೊ ದಿ ನಾಪೋಲಿ' ಚಿತ್ರದಲ್ಲಿ ಸೋಫಿಯಾ ಲೊರೆನ್ ಇಂತಹ ಮಾರಾಟಗಾರ್ತಿಯ ಪಾತ್ರವನ್ನೇ ವಹಿಸಿದ್ದಾರೆ. ಗಲ್ಲೆಯ ಬದಿಯ ಸಾಲದ ಪುಸ್ತಕವನ್ನು ಬಲ್ಲ ನಮಗೆ ಇದೇನು ಹೊಸತೆ?

ಇನ್ನು ಮಾಡುವ ಕ್ರಮ. ಅರ್ಧ ಕಿಲೋ ಮೈದಾ, 300 ಮಿಲಿಲೀಟರ್ ಉಗುರುಬೆಚ್ಚಗಿನ ನೀರು, ಎರಡು ಸಣ್ಣ ಚಮಚ ಉಪ್ಪು, ಒಂದು ಸಣ್ಣ ಚಮಚ ಒಣ ಯೀಸ್ಟು, ಎರಡು ದೊಡ್ಡ ಚಮಚ ಎಣ್ಣೆ. ಇವನ್ನು ಕಲಸಿ, ಹತ್ತು ನಿಮಿಷ ಚೆನ್ನಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿಡಿರಿ. ಮುಂಬಯಿಯ ಸೆಕೆಯಲ್ಲಿ ಒಂದು ಗಂಟೆಗೆಲ್ಲ ಹಿಟ್ಟು ಇಮ್ಮಡಿಯಾಗುತ್ತದೆ. ಫ್ರಿಜ್ಜು ಇದ್ದವರು ಬೆಳಿಗ್ಗೆಯೇ ಕಲಸಿ ಒಳಗಿಟ್ಟರೆ ರಾತ್ರಿ ಕಾಯುವ ಕಷ್ಟವಿಲ್ಲ.

ಅಲ್ಲಿಯವರು ರಿಕೊಟ್ಟಾ ಎಂಬ ಮೆದು ಗಿಣ್ಣನ್ನು ತುಂಬುತ್ತಾರೆ. ನಮಗೆ 200 ಗ್ರಾಂ ಪನೀರು ಪುಡಿಮಾಡಿದರಾಯಿತು. ಬೇಯಿಸಿದ ಪಾಲಕ, ಹುರಿದ ಈರುಳ್ಳಿ, ಕರಿಮೆಣಸು, ಉಪ್ಪು ಬೆರೆಸಿರಿ. ಪಾಲಕದ ನೀರನ್ನು ಪೂರ್ತಿ ಹಿಂಡಬೇಕು, ಹೂರಣ ತಣ್ಣಗಿರಬೇಕು. ನಮ್ಮ ಮೊದಲ ಪ್ರಯತ್ನದಲ್ಲಿ ಹಸಿ ಟೊಮೇಟೊ ತುಂಬಿದೆವು. ಅದು ನೀರೊಡೆದು ತಳ ಹರಿದು, ಊಟವೆಲ್ಲ ಕಾವಲಿಯ ಪಾಲಾಯಿತು. ಟೊಮೇಟೊವನ್ನು ಬೆಳ್ಳುಳ್ಳಿಯೊಡನೆ ಬೇಯಿಸಿ ಗೊಜ್ಜಿನಂತೆ ಪಕ್ಕಕ್ಕಿಡುವುದೇ ಲೇಸು.

ಹಿಟ್ಟನ್ನು ಆರು ಉಂಡೆ ಮಾಡಿ, ಏಳು ಅಂಗುಲದಗಲ ಲಟ್ಟಿಸಿರಿ. ಅಂಚಿನಲ್ಲಿ ಅರ್ಧ ಅಂಗುಲ ಬಿಟ್ಟು ಹೂರಣವಿಟ್ಟು ಮಡಿಚಿ, ಬಿಗಿಯಾಗಿ ಒತ್ತಿರಿ. ಎಣ್ಣೆ ಸವರಿದ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ, ಮುಚ್ಚಳವಿಟ್ಟು, ಒಂದೊಂದು ಮಗ್ಗುಲನ್ನು ಏಳೆಂಟು ನಿಮಿಷ ಬೇಯಿಸಿರಿ. ಓವನ್ ಉಳ್ಳವರು ಮೇಲ್ಭಾಗದಲ್ಲಿ ಆವಿ ಹೋಗಲು ಚಿಕ್ಕದೊಂದು ಸೀಳು ಕೊಟ್ಟು, 220 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ ಇಡಬಹುದು.

ಕೋಣೆಯಲ್ಲಿ ಮೂವರಿದ್ದರೆ ಒಬ್ಬರು ನಾದಲಿ, ಒಬ್ಬರು ಈರುಳ್ಳಿ ಹೆಚ್ಚಲಿ, ಮತ್ತೊಬ್ಬರು ಕಾವಲಿಯನ್ನು ನೋಡಿಕೊಳ್ಳಲಿ. ತಲೆಗೆರಡರಂತೆ ಪಾಲು ಸರಿಹೋಗುತ್ತದೆ. ಊರಿಗೆಲ್ಲ ಉಣಬಡಿಸುವವನು ದಿನದ ಕೊನೆಗೆ ತನಗೂ ಒಂದು ಬಿಸಿ ತುತ್ತನ್ನು ಮಾಡಿಕೊಂಡರೆ ಅದು ದುಂದಲ್ಲ. ತನ್ನ ದುಡಿಮೆಗೆ ತಾನೇ ಸಲ್ಲಿಸುವ ಮರ್ಯಾದೆ.